ಮೂವತ್ತು ಪರ್ಸೆಂಟ್ ಸಾಕು ಅಂದ ಬಸವಣ್ಣೆವ್ವ

ಬೆಳಗಿನ ಆರು ಗಂಟೆ. ಪುಣೆ–ಸಾತಾರಾ ಹೆದ್ದಾರಿಯಲ್ಲಿ, ಖೇಡ್ ಶಿವಾಪುರದ ಹತ್ತಿರ ಭುಜಂಗ ಶೆಟ್ಟರ ಹೋಟೆಲಿನ ಅಂಗಳ. ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುವ ಮಷಿನ್ನಿಗೆ ಕಿವಿಗೊಟ್ಟು ಬಸವಣ್ಣೆವ್ವ ನಿಂತಿದ್ದಾರೆ. ಸೀರೆಯ ಮೇಲೆ ಕಂಪನಿಯ ಹಸಿರು ಜಾಕೀಟು, ಕೈಯಲ್ಲಿ ಒಣ ಬಟ್ಟೆ. ಇಬ್ಬನಿ ಕೂತ ಎರಡೂ ಪ್ಲಗ್ಗುಗಳನ್ನು ಒರೆಸಿ, ಕಂಪನಿಗೆ ಫೋನ್ ಹಚ್ಚಿ ಮರಾಠಿಯಲ್ಲಿ ನಾಲ್ಕನೇ ಸಲ ಅದೇ ದೂರು ಹೇಳುತ್ತಾರೆ.

"ಇದರೊಳಗ ಕರೆಂಟ್ ಕೊಡೋ ಎರಡ ಭಾಗ ಇರ್ತಾವ್ರಿ. ಒಂದು ಗುರುವಾರದಿಂದ ಬಂದ್ ಅದ. ಅರವತ್ತು ಕಿಲೋವ್ಯಾಟ್ ಕೊಡೋ ಮಷಿನ್ ಮೂವತ್ತೂ ಕೊಡವಲ್ದು," ಎಂದು ನನಗೆ ತಿಳಿಸಿ ಹೇಳುತ್ತಾರೆ.

ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಪುಣೆಗೆ ಬಂದ ಬಸವಣ್ಣೆವ್ವನಿಗೆ ಈಗ ನಲವತ್ತೆಂಟು. ಯೆರವಡಾದಲ್ಲಿ ಹದಿನಾಲ್ಕು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಹಳೇ ಕಟ್ಟಡ ಕೆಡವಿದಾಗ ಗಿರಣಿಯೂ ಹೋಯಿತು. ಎರಡು ವರ್ಷದ ಹಿಂದೆ ಶೆಟ್ಟರು ಈ ಕೆಲಸಕ್ಕೆ ಕರೆದರು. ತರಬೇತಿ ಅಂದರೆ ಅರ್ಧ ಗಂಟೆಯ ವೀಡಿಯೊ, ಅದೂ ಇಂಗ್ಲಿಷಿನಲ್ಲಿ. ಮೊದಲ ವಾರ ಕಾರಿನವರೊಬ್ಬರು ಎಲ್ಲರೆದುರು ಬೈದರು, ಮಷಿನ್ ನಿಧಾನ ಯಾಕೆಂದು ಇವರಿಗೆ ಹೇಳಲು ಬರಲಿಲ್ಲ. ಅವತ್ತಿನಿಂದ ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ಪ್ರತಿ ಕಾರಿನ ಪರ್ಸೆಂಟು, ನಿಮಿಷ ಬರೆಯತೊಡಗಿದರು.

"ತಿಂಗಳಾದ ಮ್ಯಾಲೆ ಗೊತ್ತಾತ್ರಿ. ಎಂಬತ್ತು ದಾಟಿದ್ರ ಕಾರ ತಾನ ನಿಧಾನ ಕುಡಿತದ. ಎರಡ ಕಾರ ಹಚ್ಚಿದ್ರ ಒಂದ ನಳಕ್ಕ ಎರಡ ಕೊಡ ಹಿಡದಂಗ."

ಏಳಕ್ಕೆ ಹತ್ತು ನಿಮಿಷವಿರುವಾಗ ನಿಪ್ಪಾಣಿಯ ಕಾರೊಂದು ಒಳಗೆ ಬರುತ್ತದೆ. ಓಡಿಸುತ್ತಿರುವವರು ಸಿದ್ದಲಿಂಗಪ್ಪ, ಹಿಂದಿನ ಸೀಟಿನಲ್ಲಿ ಹದಿನಾರರ ಮಗಳು ಸ್ನೇಹಲ್. ಎಂಟುನೂರು ಮೀಟರ್ ಓಟದ ಆಯ್ಕೆಗೆ ಎಂಟೂವರೆಯೊಳಗೆ ಪುಣೆಯ ಬಾಳೇವಾಡಿ ಮೈದಾನದಲ್ಲಿ ಹೆಸರು ಕೊಡಬೇಕು. ದಾರಿಯಲ್ಲಿ ನಂಬಿಕೊಂಡಿದ್ದ ಚಾರ್ಜರ್ ಬಂದ್ ಇತ್ತು. ಬ್ಯಾಟರಿ ಒಂಬತ್ತು ಪರ್ಸೆಂಟಿಗೆ ಇಳಿದಿದೆ. ಪ್ಲಗ್ ಹಚ್ಚಿದ ಮೇಲೆ ಪರದೆ ತೋರಿಸುತ್ತದೆ: ಹದಿನಾಲ್ಕು ಕಿಲೋವ್ಯಾಟ್, ಎಂಬತ್ತು ಪರ್ಸೆಂಟಿಗೆ ಎರಡು ತಾಸು.

"ಮುಗೀತು," ಎಂದು ಸಿದ್ದಲಿಂಗಪ್ಪ ಬಾನೆಟ್ಟಿನ ಮೇಲೆ ಕೈಯೂರುತ್ತಾರೆ. ಹುಡುಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಾಳೆ.

"ಎಂಬತ್ತು ಯಾಕ್ರೀ ಅಣ್ಣಾರ? ಬಾಳೇವಾಡಿ ನಲವತ್ತು ಕಿಲೋಮೀಟರ್ ಆಗೂದಿಲ್ಲ. ಮೂವತ್ತು ಪರ್ಸೆಂಟ್ ಸಾಕು. ಬರೋವಾಗ ಬೇಕಾದಷ್ಟು ತುಂಬಸ್ಕೋರಿ," ಎನ್ನುತ್ತಾರೆ ಬಸವಣ್ಣೆವ್ವ. ಅಷ್ಟು ಹೇಳಿ ಹೋಟೆಲಿನ ಒಳಗೆ ನಡೆಯುತ್ತಾರೆ.

ಒಳಗೆ ಋಷಿಕೇಶ ಎಂಬ ತರುಣ ಮಿಸಳ್ ತಿನ್ನುತ್ತಿದ್ದಾನೆ. ಪಕ್ಕದ ಪ್ಲಗ್ಗಿನಲ್ಲಿರುವುದು ಅವನ ಕಾರು, ತೊಂಬತ್ತೊಂದು ಪರ್ಸೆಂಟ್. ಕೊಲ್ಹಾಪುರಕ್ಕೆ ಹೊರಟವನು, ನೂರಾಗದೆ ತೆಗೆಯುವುದಿಲ್ಲ ಎನ್ನುತ್ತಾನೆ. ಬಸವಣ್ಣೆವ್ವ ದನಿ ಏರಿಸದೆ ಮರಾಠಿಯಲ್ಲಿ ಲೆಕ್ಕ ಒಪ್ಪಿಸುತ್ತಾರೆ: ಕಾಲು ಗಂಟೆ ಬಿಟ್ಟುಕೊಡು, ಅವರು ಹೋದಮೇಲೆ ಮಷಿನ್ ನಿನ್ನೊಬ್ಬನಿಗೇ, ಅಷ್ಟರಲ್ಲಿ ನಿನ್ನ ಚಹಾನೂ ಮುಗಿದಿರುತ್ತದೆ. ಋಷಿಕೇಶ ಕಿಟಕಿಯಾಚೆ ಹುಡುಗಿಯನ್ನು ನೋಡುತ್ತಾನೆ. ಕೈ ತೊಳೆದು ಎದ್ದು ಬಂದು ತಾನೇ ಪ್ಲಗ್ ಕಳಚುತ್ತಾನೆ.

ಪರದೆಯ ಮೇಲೆ ಹದಿನಾಲ್ಕು ಹೋಗಿ ಇಪ್ಪತ್ತೆಂಟು ಕಿಲೋವ್ಯಾಟ್! ನಾವು ನಾಲ್ವರೂ ಅದರ ಮುಂದೆ ಕ್ರಿಕೆಟ್ ಸ್ಕೋರು ನೋಡುವವರಂತೆ ನಿಂತಿದ್ದೇವೆ. ಬ್ಯಾಟರಿ ಹದಿನೆಂಟು ಪರ್ಸೆಂಟ್. ಇಪ್ಪತ್ತಮೂರು. ಸ್ನೇಹಲ್ ಕಾರಿನಿಂದಿಳಿದು ಅಂಗಳದಲ್ಲೇ ಮೈ ಬಿಸಿ ಮಾಡಿಕೊಳ್ಳುತ್ತಾಳೆ. ಏಳೂ ಇಪ್ಪತ್ತಕ್ಕೆ ಮೂವತ್ತೊಂದು. ಬಸವಣ್ಣೆವ್ವ ಎರಡೂ ಕೈಯಿಂದ ದಪ್ಪ ಕೇಬಲ್ ಎಳೆದು ಕೊಕ್ಕೆಗೆ ಹಾಕುತ್ತಾರೆ. "ಎ.ಸಿ. ಹಾಕಬ್ಯಾಡ್ರಿ, ಎಂಬತ್ತರ ಮ್ಯಾಲೆ ಓಡಸಬ್ಯಾಡ್ರಿ. ಹೋಗಿ ಬಾ ತಂಗಿ."

ಕಾರು ಹೋದಮೇಲೂ ಅವರಿಗೆ ಪುರುಸೊತ್ತಿಲ್ಲ. ದಿನಕ್ಕೆ ಹದಿನೈದು ಕಾರು, ಶನಿವಾರ ಇಪ್ಪತ್ತೈದರ ಮೇಲೆ. ಹತ್ತು ತಾಸು ನಿಂತೇ ಕೆಲಸ, ನೆರಳೆಂದರೆ ಹೋಟೆಲಿನ ಬೋರ್ಡಿನದು ಮಾತ್ರ. ಆ್ಯಪ್ ತೆರೆಯಲು ಬಾರದವರಿಗೆ ಅದನ್ನು ತೆರೆದುಕೊಡಬೇಕು, ಸಿಟ್ಟು ಇಳಿಯದವರಿಗೆ ನೀರು ಕೊಡಬೇಕು. ರಾತ್ರಿ ಕಾತ್ರಜಿನ ಮನೆ ಸೇರಿದಾಗ ಭುಜ ಎತ್ತಲು ಬರುವುದಿಲ್ಲವಂತೆ.

ಹನ್ನೊಂದೂವರೆಗೆ ಫೋನು. ಅತ್ತ ಸಿದ್ದಲಿಂಗಪ್ಪನವರ ದನಿ. ಎಂಟೂ ಇಪ್ಪತ್ತೆರಡಕ್ಕೆ ಮುಟ್ಟಿದರಂತೆ, ಮಗಳು ಮೂರನೆಯವಳಾಗಿ ಬಂದು ಆಯ್ಕೆಯಾದಳಂತೆ. ಬಸವಣ್ಣೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಭಾಳ ಛಲೋ ಆತ್ರಿ. ಮುಂದಿನ ಸಲ ಹಿಂದಿನ ದಿನಾನ ಬರ್ರಿ," ಎಂದಷ್ಟೇ ಹೇಳಿ ಫೋನ್ ಇಡುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಹೊಸ ಮಷಿನ್, ನೆರಳಿಗೊಂದು ತಗಡು ಎನ್ನಬಹುದು ಅಂದುಕೊಂಡಿದ್ದೆ.

"ಎಲ್ಲಾ ಮಷಿನ್ ಕಡೆ ಒಬ್ಬರಾದ್ರೂ ಮನಶ್ಯಾರು ಕುಂತಿರಬೇಕ್ರಿ," ಎನ್ನುತ್ತಾರೆ. "ಮಷಿನ್ ಕೆಟ್ಟಿದ್ರ ಕೆಟ್ಟಿರ್ಲಿ. ಹೆದರಿ ಬಂದವರಿಗೆ ಮುಂದ ಏನ್ ಮಾಡಬೇಕು ಅಂತ ಹೇಳೋರಾದ್ರೂ ಬೇಕಲ್ಲ."