ಸುಗ್ಗಿಯ ರಸ್ತೆಯ ಬಗ್ಗೆ ಬರೆದ ಸುಳ್ಳು

ಈರಮ್ಮ, ನಿಮ್ಮ ಮನೆ ಸುಟ್ಟ ದಿನ ಅಗ್ನಿಶಾಮಕ ವಾಹನ ತಡವಾದದ್ದು ನೀವು ರಸ್ತೆಯಲ್ಲಿ ಹಾಕಿದ್ದ ಭತ್ತದಿಂದಲ್ಲ — ನಾನು ಬರೆದ ಒಂದು ಸುಳ್ಳಿನಿಂದ. ಏಳು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ.

ಆಗ ನಾನು ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹಳ್ಳಿಗಳಿಗೆ ಸಣ್ಣ ಅಗ್ನಿಶಾಮಕ ಘಟಕಗಳು ಬರುವುದಿತ್ತು — ಒಂದು ನೀರಿನ ಗಾಡಿ, ಒಂದು ಪಂಪು, ನಾಲ್ಕು ಜನ. ಯಾವ ಊರಿಗೆ ತೀರಾ ಅಗತ್ಯ ಎಂದು ನೋಡಿ ವರದಿ ಬರೆಯುವ ಕೆಲಸ ನನ್ನದು. ದೇವದುರ್ಗದ ಕಡೆ ಮುಗಿಸಿಕೊಂಡು, ಶ್ರಾವಣದಲ್ಲಿ, ಮಾನ್ವಿ ಕಡೆಯ ನಿಮ್ಮೂರಿಗೆ ಬಂದೆ. ಮಾನ್ವಿಯ ಅಗ್ನಿಶಾಮಕ ಠಾಣೆಯಿಂದ ನಮ್ಮ ಜೀಪು ಇಪ್ಪತ್ತು ನಿಮಿಷಕ್ಕೆ ತಲುಪಿತ್ತು.

ನೀವು ಪಂಚಾಯಿತಿ ಸದಸ್ಯೆ. ಘಟಕಕ್ಕೆಂದು ಖಾಲಿ ಮಾಡಿಸಿದ್ದ ಕೋಣೆ ತೋರಿಸಿದಿರಿ, ಚಹಾ ಕೊಟ್ಟಿರಿ. ಆಮೇಲೆ ನಾಲ್ಕು ಜನರೆದುರು ಹೇಳಿದಿರಿ: "ಸಾಹೇಬ್ರ, ಈಗ ನೋಡಿದ್ರ ಏನ್ ತಿಳಿತದ್ರೀ? ಸುಗ್ಗ್ಯಾಗ ಬರ್ರಿ. ರಸ್ತಿ ತುಂಬಾ ನೆಲ್ಲು ಹಾಕಿರ್ತೀವಿ, ಗಾಡಿ ಹಾಯಂಗಿಲ್ಲ."

ಹೆಣ್ಣುಮಗಳೊಬ್ಬಳು ನನಗೆ ನನ್ನ ಕೆಲಸ ಕಲಿಸುವುದೇ! ಪಿತ್ತ ನೆತ್ತಿಗೇರಿತು. ನಮೂನೆಯಲ್ಲಿ ಒಂದು ಪ್ರಶ್ನೆಯಿತ್ತು — ರಸ್ತೆ ಎಲ್ಲ ಕಾಲದಲ್ಲೂ ತೆರವಾಗಿರುತ್ತದೆಯೇ? ನನ್ನ ಮುದ್ದಾದ ಅಕ್ಷರದಲ್ಲಿ "ಹೌದು" ಎಂದು ಬರೆದೆ. ಠಾಣೆಯ ವಾಹನವೇ ಇಪ್ಪತ್ತು ನಿಮಿಷಕ್ಕೆ ಬರುತ್ತದಲ್ಲ ಎಂದು ನಿಮ್ಮೂರು ಪಟ್ಟಿಯಿಂದ ಹೋಯಿತು.

ಗೊತ್ತಿರಲಿಲ್ಲ ಎನ್ನಲೇ? ನಾನು ಅಲ್ಲೇ ಪಕ್ಕದ ಸಿರವಾರದವನು. ಸಣ್ಣವನಿದ್ದಾಗ ಡಾಂಬರು ರಸ್ತೆಯ ಮೇಲೆ ಹರವಿದ ಭತ್ತವನ್ನು ಕಾಲಿನಿಂದ ಎಳೆದೆಳೆದು ತಿರುವಿದವನು. ಬಸ್ಸು ಬಂದರೆ ಚಾಲಕನನ್ನೇ ಬೈಯುತ್ತಿದ್ದವನು...

ಆ ಸುಗ್ಗಿಯಲ್ಲೇ, ಹಾಡುಹಗಲು, ನಿಮ್ಮ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಅಲ್ಲಿಂದ ಮನೆಗೆ. ವಾಹನ ಠಾಣೆಯಿಂದ ತಡಮಾಡದೆ ಹೊರಟಿತ್ತು. ಆದರೆ ದಾರಿಯುದ್ದಕ್ಕೂ ಭತ್ತ, ಅಂಚಿಗೆ ಕಲ್ಲುಗಳು. ಜನ ಓಡೋಡಿ ಬಂದು ಬಳಿದು ದಾರಿ ಮಾಡಿದರು. ಊರ ಬಾಗಿಲಲ್ಲಿದ್ದ ಕೊನೆಯ ರಾಶಿ ನಿಮ್ಮದು. ಅಷ್ಟರಲ್ಲಿ ನೀವು ಎಮ್ಮೆಯ ಹಗ್ಗ ಬಿಚ್ಚಲು ಒಳಗೆ ನುಗ್ಗಿದ್ದಿರಿ — ಎರಡೂ ಕೈ ಬೆಂದವು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ತಿಂಗಳ ಮೇಲೆ ನೀವು ಕೈಗೆ ಪಟ್ಟಿ ಸುತ್ತಿಕೊಂಡು ಕಚೇರಿಗೆ ಬಂದಿರಿ, ಅರ್ಜಿಯನ್ನು ನಿಮ್ಮ ಯಜಮಾನರು ಹಿಡಿದಿದ್ದರು. "ಈಗರ ನಮ್ಮೂರಿಗೆ ಒಂದು ಗಾಡಿ ಕೊಡ್ರಿ, ಸಾಹೇಬ್ರ." ನನಗೆ ಹೆದರಿಕೆ — ಹಳೆಯ ವರದಿ ಯಾರಾದರೂ ತೆಗೆದರೆ? ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ರಸ್ತಿ ಮ್ಯಾಲೆ ನೆಲ್ಲು ಹಾಕಿದೋರು ನೀವೇ ಅಲ್ಲೇನವ್ವಾ? ಗಾಡಿ ಹ್ಯಾಂಗ ಬರಬೇಕು?"

ನೀವು ಜಗಳಕ್ಕೆ ಬರಲಿಲ್ಲ. "ಹೌದ್ರೀ... ನಮ್ದೇ ಇತ್ತು" ಎಂದಿರಿ. ಅರ್ಜಿ ಕೊಡದೆ ಹೋದಿರಿ. ನನಗೆ ಆಗ ಸಮಾಧಾನವೇ ಆಯಿತು — ಥೂ, ನನ್ನ ಜನ್ಮಕ್ಕಿಷ್ಟು.

ಹೋದ ತಿಂಗಳು ರಾಯಚೂರು ಬಸ್ ನಿಲ್ದಾಣದಲ್ಲಿ ನಿಮ್ಮ ಯಜಮಾನರು ಸಿಕ್ಕರು. "ಸುಗ್ಗಿ ಬಂತಂದ್ರ ಸಾಕ್ರೀ, ರಸ್ತಿ ಮ್ಯಾಲೆ ನಿಂತು ಎಲ್ಲಾರ ಸಂಗಟ ಜಗಳಾಡ್ತಾಳ. ನನ್ನ ನೆಲ್ಲೇ ನನ್ನ ಮನಿ ಸುಡ್ತು ಅಂತಾಳ. ಮಂದಿ ಹುಚ್ಚಿ ಅಂತಾರ." ನಾನು ಅವರ ಮುಖ ನೋಡದೆ ಬಸ್ಸು ಹತ್ತಿದೆ.

ರಸ್ತೆಯಲ್ಲಿ ಭತ್ತ ಹಾಕುವುದು ಸರಿಯೆಂದು ನಾನು ಹೇಳುತ್ತಿಲ್ಲ. ಹಾಕುತ್ತಾರೆ, ಗಾಡಿ ನಿಲ್ಲುತ್ತದೆ — ಅದಕ್ಕೇ ಅಲ್ಲವೇ ಊರೊಳಗೇ ಒಂದು ಗಾಡಿ ಇರಲಿ ಎಂದು ನೀವು ಕೇಳಿದ್ದು? ಇದನ್ನೆಲ್ಲ ಬರೆದು ರುಜು ಹಾಕಿದ್ದೇನೆ. ಒಂದು ಪ್ರತಿ ಕಚೇರಿಗೆ ಹೋಗಿದೆ. ಇನ್ನೊಂದನ್ನು ನಿಮ್ಮ ಗ್ರಾಮಸಭೆಯಲ್ಲಿ ನಾನೇ ನಿಂತು ಓದುತ್ತೇನೆ. ನಿಮ್ಮನ್ನು ಹುಚ್ಚಿ ಎಂದವರೆಲ್ಲ ಅಲ್ಲಿರಲಿ. ಕ್ಷಮೆ ಕೇಳುವ ಮುಖ ನನಗಿಲ್ಲ.

ಈ ಸುಗ್ಗಿಗೆ ನೀವು ರಸ್ತೆಯಲ್ಲಿ ನಿಲ್ಲಬೇಡಿ, ಈರಮ್ಮ. ನಾನು ನಿಲ್ಲುತ್ತೇನೆ.