ಕೂಸಿಗೆ ದೃಷ್ಟಿ ತೆಗೆದದ್ದು

ಯಾರ್ಯಾರ ಮನೆಯ ಕೂಸುಗಳನ್ನೋ ಹದಿನೈದು ವರ್ಷ ಎರೆದು ಬೆಳೆಸಿದವಳು ನಾನು. ನನಗೂ ಒಂದು ಪರೀಕ್ಷೆಯೇ ಎಂದು ಒಳಗೊಳಗೇ ಉರಿಯುತ್ತಿತ್ತು. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಯಳಂದೂರಿನ ಟೀಚರಮ್ಮನ ಮಗ ಸ್ಕೂಲಿಗೆ ಸೇರಿದ ಮೇಲೆ ಅಲ್ಲಿ ನನಗೆ ಕೆಲಸವಿರಲಿಲ್ಲ. ಕೊಳ್ಳೇಗಾಲದ ಈ ಮನೆಯೂ ಕೈತಪ್ಪಿದರೆ ಮತ್ತೆ ಕುಂತೂರಿನ ಕಬ್ಬಿನ ಗದ್ದೆಗೇ ಹೋಗಬೇಕಿತ್ತು. ನನ್ನ ಮಂಡಿ ಅದಕ್ಕೆ ಒಪ್ಪುತ್ತಿರಲಿಲ್ಲ.

ಕೂಸಿನ ತಾಯಿ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವಳು, ನನ್ನ ಮಗಳ ವಯಸ್ಸು. "ಒಂದ್ಸಲ ನೀರು ಹಾಕಿ ತೋರಿಸಿ ಅಮ್ಮ" ಎಂದು ಬಚ್ಚಲ ಬಾಗಿಲಲ್ಲೇ ನಿಂತಳು. ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡೆ. ಎಣ್ಣೆ ತಿಕ್ಕಿದೆ, ಹದವಾದ ಬಿಸಿನೀರು ಹೊಯ್ದೆ. ಮನೆಯವರ ಕೈಯಲ್ಲಿ ಚೀರಾಡುತ್ತಿದ್ದ ಕೂಸು ನನ್ನ ಕಾಲ ಮೇಲೆ ಆಕಳಿಸಿತು. ತಾಯಿಯ ಮುಖ ಅರಳಿತು, ನನಗೂ ಜಂಬ ಬಂತು. ಅದೇ ಜಂಬದಲ್ಲಿ, ಟವೆಲಿನಲ್ಲಿ ಸುತ್ತಿದ ಕೂಸಿನ ಮುಖಕ್ಕೆ ಬಾಗಿ, ದೃಷ್ಟಿಯಾಗದಿರಲೆಂದು "ಥೂ ಥೂ ಥೂ" ಎಂದುಬಿಟ್ಟೆ. ಕೆನ್ನೆಯ ಮೇಲೆ ಒಂದು ಹನಿ ಬಿತ್ತು.

"ಅಯ್ಯೋ, ಎಂಜಲು ಹಾರಿಸ್ತೀರಲ್ಲ!" ಎಂದು ಆಕೆ ಕೂಸನ್ನು ಕಿತ್ತುಕೊಂಡಳು.

ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ನಾನು ಅನ್ನಲಿಲ್ಲ. "ನಾನಾಗೆ ಮಾಡೋಳಲ್ಲ ಕಣ್ರವ್ವ. ಯಳಂದೂರು ಟೀಚರಮ್ಮೋರೇ ದಿನಾ ಮಾಡುಸ್ತಿದ್ರು. ಅದೇ ರೂಢಿ ಆಗೋಗದೆ" ಎಂದೆ.

ಆಕೆ ನನ್ನಿಂದಲೇ ನಂಬರ್ ಪಡೆದು ಅಲ್ಲೇ ಟೀಚರಮ್ಮನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಾನು ಹೇಳಿದ್ದನ್ನೇ ಕೇಳಿದಳು. ನನ್ನ ಮಾನ ಹೋಯಿತು ಎಂದುಕೊಂಡೆ.

"ಹೌದು, ನಾನೇ ಮಾಡಿಸ್ತಿದ್ದೆ. ಅವರದೇನೂ ತಪ್ಪಿಲ್ಲ" ಎಂದರು ಟೀಚರಮ್ಮ. "ಬೇಡ ಅಂದ್ರೆ ಮಾಡಲ್ಲ. ಕಣ್ಮುಚ್ಕೊಂಡು ಇಟ್ಕೊಳ್ಳಿ."

ಅವರು ಒಂದು ದಿನವೂ ಮಾಡು ಎಂದವರಲ್ಲ. ನಾನು ಥೂ ಎಂದಾಗಲೆಲ್ಲ, ನಾನು ಅತ್ತ ತಿರುಗುವವರೆಗೂ ಕಾದು, ಸೆರಗಿನಿಂದ ಮಗನ ಕೆನ್ನೆ ಒರೆಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಿಟ್ಟಿರಲಿಲ್ಲ, ಅವರೂ ಒಂದು ಮಾತು ಆಡಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ.

"ನಾಳೆಯಿಂದ ಬನ್ನಿ ಅಮ್ಮ" ಎಂದು ಈಕೆ ಫೋನನ್ನು ನನ್ನತ್ತ ಚಾಚಿದಳು. "ತಗೊಳ್ಳಿ, ನಿಮ್ಮ ಹತ್ರ ಮಾತಾಡ್ಬೇಕಂತೆ."

ಕೈ ಆಗಲೇ ಒಣಗಿತ್ತು. ಒದ್ದೆಯಾಗಿದೆ ಎಂದು ಇನ್ನೊಂದು ಸುಳ್ಳು ಹೇಳಿದೆ.