ಹನ್ನೊಂದರಲ್ಲಿ ನಾಲ್ಕು ದನಿ

ಹುಬ್ಬಳ್ಳಿಯಿಂದ ಕತ್ರಿಗುಪ್ಪೆಯ ಬಾಡಿಗೆ ಕೋಣೆಗೆ ಬರುವಾಗ ನಾನು ತಂದದ್ದು ಎರಡು ಸೂಟ್‌ಕೇಸು ಮತ್ತು ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು. ಮನೆ ಮನೆಗೂ ಇಂಟರ್‌ನೆಟ್ ಇನ್ನೂ ಬಂದಿರದ ಕಾಲ. ಹತ್ತಾರು ವಾದ್ಯ ಸೇರಿಸಿ ಕಟ್ಟಿದ ಹಾಡುಗಳನ್ನು, ಅಂದರೆ 'ಮಿಡಿ' ಎಂಬ ಕಂಪ್ಯೂಟರ್ ಫೈಲುಗಳನ್ನು, ಹಳೇ ವಿಡಿಯೋ ಗೇಮಿನ ಸಂಗೀತದಂತೆ ಬದಲಾಯಿಸುವುದು ನನ್ನ ಭಾನುವಾರದ ಹುಚ್ಚು. ಅದಕ್ಕೆ ಟ್ರ್ಯಾಕರ್ ಎಂಬ ಹಳೆಯ ಸಾಫ್ಟ್‌ವೇರ್ ಇತ್ತು. ಅದರಲ್ಲಿ ಒಮ್ಮೆಗೆ ನುಡಿಯುವುದು ನಾಲ್ಕೇ ದನಿ. ಒಂದೊಂದು ಸ್ವರವನ್ನೂ ಅಕ್ಷರ, ಅಂಕಿಗಳಲ್ಲಿ ಟೈಪ್ ಮಾಡಬೇಕು.

ಕೆಳಗಿದ್ದ ಓನರ್ ಆಂಟಿ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕೀಬೋರ್ಡ್ ಕಲಿತಿದ್ದರು. ಒಂದು ದಿನ ಫ್ಲಾಪಿ ಹಿಡಿದು ಮೇಲೆ ಬಂದರು.

"ಭಾನುವಾರ ಆದ್ರೆ ಅದೇನೋ ಕುಂಯ್ ಕುಂಯ್ ಅಂತ ಕೇಳುತ್ತಲ್ಲ, ನನ್ನ ಹಾಡನ್ನೂ ಹಾಗೆ ಮಾಡ್ಕೊಡ್ತೀಯೇನಮ್ಮ?"

ಅದು ಅವರೇ ಕಟ್ಟಿದ ಮೊದಲ ಹಾಡು. ಕೀಬೋರ್ಡಿನಲ್ಲೇ ನುಡಿಸಿ ಹನ್ನೊಂದು ವಾದ್ಯಗಳ ದನಿ ಹಾಕಿದ್ದರು. ನಾನು ಸೋಮಾರಿತನ ಮಾಡಿದೆ. ತಾನಾಗಿಯೇ ಬದಲಾಯಿಸಿ ಕೊಡುವ ಒಂದು ಪ್ರೋಗ್ರಾಮಿಗೆ ಫೈಲು ಹಾಕಿ, ಬಂದದ್ದನ್ನು ಕೇಳಿಯೂ ನೋಡದೆ ಕೆಳಗೆ ಹೋಗಿ ಅವರ ಕಂಪ್ಯೂಟರಿನಲ್ಲಿ ಹಚ್ಚಿದೆ.

ಆಂಟಿ ಕೈಕಟ್ಟಿ ಕೂತು ಕೊನೆಯವರೆಗೂ ಕೇಳಿದರು. ಆಮೇಲೆ ಮೆಲ್ಲಗೆ, "ಕೊಳಲು ಎಲ್ಲಿ ಹೋಯ್ತು?" ಎಂದರು.

ಪ್ರೋಗ್ರಾಮು ಮೊದಲ ನಾಲ್ಕು ವಾದ್ಯಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತ್ತು. ಕೊಳಲು ಏಳನೆಯದು. ಇಡೀ ಹಾಡು ಇದ್ದದ್ದೇ ಅದರಲ್ಲಿ. ನನಗೆ ತಲೆ ಎತ್ತಲಾಗಲಿಲ್ಲ.

"ತಪ್ಪಾತ್ರಿ ಆಂಟಿ. ನಾನು ಕೇಳೇ ಇಲ್ರಿ. ಕೈಲೇ ಮಾಡ್ತೀನ್ರಿ, ಆದ್ರ ಹನ್ನೊಂದರಾಗ ನಾಲ್ಕ ಉಳಸ್ಬೇಕು. ಯಾವ್ಯಾವು ಅಂತ ನೀವ ಹೇಳ್ರಿ."

ಮುಂದಿನ ಭಾನುವಾರ ಅವರು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಕೊಳಲು, ವೀಣೆ, ತಬಲಾ ಎಂದು ಸಲೀಸಾಗಿ ಹೇಳಿದರು. ನಾಲ್ಕನೆಯದಕ್ಕೆ ತಡವಾಯಿತು. ತಂಬೂರಿಯನ್ನಂತೂ ಬಿಡಲಾರರು, ಅದನ್ನೇ ಹೇಳುತ್ತಾರೆಂದು ನಾನು ಕಾಯುತ್ತಿದ್ದೆ.

"ತಂಬೂರಿ ತೆಗೆದ್ಬಿಡು," ಎಂದರು. "ಶ್ರುತಿ ಕೇಳೋರ ಕಿವೀಲೇ ಇರುತ್ತೆ. ನಾಲ್ಕನೇದು ಗಂಟೆ ಇರ್ಲಿ, ಅದಿಲ್ದಿದ್ರೆ ಬೇಜಾರಾಗುತ್ತೆ."

ನಿಜವಾದ ಕಷ್ಟ ಕೊಳಲಿನ ಜಾರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಲು ಟ್ರ್ಯಾಕರಿನಲ್ಲಿ ಎಷ್ಟು ವೇಗವೆಂದು ಅಂಕಿ ಕೊಡಬೇಕು. ಅವರು ಹಾಡಿ ತೋರಿಸುವರು, ನಾನು ಅಂಕಿ ಹಾಕಿ ಕೇಳಿಸುವೆ.

"ಜಾಸ್ತಿ ಆಯ್ತು. ಈಗ ಎಳೆದ ಹಾಗಿದೆ. ಹ್ಞಾಂ, ಇನ್ನೊಂಚೂರು."

ಮೂರು ಭಾನುವಾರ ಹಿಡಿಯಿತು. ನಡುವೆ ಅವರು ಅವರೆಕಾಳು ಉಪ್ಪಿಟ್ಟು ತಂದುಕೊಟ್ಟರು, ನಾನು ಊರಿಂದ ತಂದ ಶೇಂಗಾ ಚಟ್ನಿ ಕೊಟ್ಟೆ. ಅಲ್ಲಿಯವರೆಗೆ ಬಾಡಿಗೆ ಕೊಡುವುದೊಂದೇ ಅವರೊಡನೆ ನನಗಿದ್ದ ಬಳಕೆ.

ಮುಗಿದ ಹಾಡನ್ನು ಕೇಳಿ ಆಂಟಿಯ ಗಂಡ, ಪೇಪರ್ ಓದುತ್ತಿದ್ದ ಅಂಕಲ್, "ಮಕ್ಕಳ ಆಟದ ಸಾಮಾನು ಇದ್ದ ಹಾಗಿದೆಯಲ್ಲೇ," ಎಂದರು. ಆಂಟಿ ನಕ್ಕು ಮತ್ತೊಮ್ಮೆ ಹಚ್ಚಲು ಹೇಳಿದರು. ಎರಡನೇ ಸಲ ಅಂಕಲ್ ಪೇಪರ್ ಮಡಿಸಿಟ್ಟು ಕೇಳಿದರು.

ಒಂದು ತಿಂಗಳ ಮೇಲೆ ಆಂಟಿ ಇನ್ನೊಂದು ಹಾಡು ತಂದರು. ತೆರೆದು ನೋಡಿದೆ, ನಾಲ್ಕೇ ವಾದ್ಯ ಹಾಕಿದ್ದರು.